‘ಸಾಧುಗೆ ಸಾಧು’: ಐದು ಮಾತ್ರೆಗೆ ಒಡೆಯದ ತ್ರಿಪದಿಯ ಛಂದಸ್ಸು ಮತ್ತು ಭಾವ

ಪ್ರಶ್ನೆ: ಪದವಿ ತರಗತಿಗೆ ಹಳಗನ್ನಡ ಪಾಠ ಮಾಡುತ್ತೇನೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ‘ಸಾಧುಗೆ ಸಾಧು’ ತ್ರಿಪದಿಗೆ ಪ್ರಸ್ತಾರ ಹಾಕಿದಾಗ ಮೂರು ಸಾಲುಗಳ ಒಟ್ಟು ಮಾತ್ರೆ ೨೦, ೧೮, ೧೩ ಬರುತ್ತದೆ. ತ್ರಿಪದಿಗೆ ಪಠ್ಯದಲ್ಲಿ ಹೇಳುವ ಲೆಕ್ಕವೂ ಹೆಚ್ಚುಕಡಿಮೆ ಅದೇ. ಆದರೆ ಐದೈದು ಮಾತ್ರೆಯ ಗಣಗಳಾಗಿ ಒಡೆಯಲು ಹೋದರೆ ಎರಡನೆಯ ಸಾಲು ಮಾತ್ರ ಹೇಗೋ ಒಡೆಯುತ್ತದೆ, ಉಳಿದೆರಡು ಒಡೆಯುವುದಿಲ್ಲ. ಇದು ಛಂದೋಭಂಗವೇ? ಇನ್ನು ಪದ್ಯದ ಭಾವವನ್ನು ಕೆಲವರು ವೀರವೆನ್ನುತ್ತಾರೆ. ‘ಮಾಧವ’ ಎಂಬ ಮಾತಿರುವುದರಿಂದ ಕೆಲವರು ಭಕ್ತಿಯೆನ್ನುತ್ತಾರೆ. ಛಂದಸ್ಸಿಗೂ ಭಾವಕ್ಕೂ ಇರುವ ನಂಟನ್ನು ವಿದ್ಯಾರ್ಥಿಗಳಿಗೆ ಆಧಾರಸಹಿತವಾಗಿ ತೋರಿಸುವುದು ಹೇಗೆ? ಗಟ್ಟಿಯಾಗಿ ಓದುವಾಗ ಎಲ್ಲಿ ನಿಲ್ಲಿಸಬೇಕು?

ಉತ್ತರ: ಮೊದಲು ಪದ್ಯವನ್ನು ಮುಂದಿಟ್ಟುಕೊಳ್ಳೋಣ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವನಿಗೆ ಒಳ್ಳೆಯವನು, ಮಧುರ ಸ್ವಭಾವದವನಿಗೆ ಮಾಧುರ್ಯವೇ ಆದವನು, ಬಾಧಿಸುವ ಕಲಿಗೆ ಕಲಿಯುಗವಿಪರೀತನು (ಕಲಿಯುಗಕ್ಕೆ ವಿರುದ್ಧವಾಗಿ ನಿಲ್ಲುವವನು). ಈತನು ಮಾಧವನೇ, ಬೇರೆಯವನಲ್ಲ ಎಂಬುದು ಸ್ಥೂಲವಾದ ಅರ್ಥ. ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಸುಮಾರು ಕ್ರಿ.ಶ. ೭೦೦ರ ಹೊತ್ತಿಗೆ ಕೆತ್ತಿದ ಈ ಶಾಸನದಲ್ಲಿ ಅರಭಟ್ಟನನ್ನು ಪರಿಚಯಿಸುವ ಒಂದೆರಡು ಗದ್ಯದ ಮಾತುಗಳಿವೆ, ಮಾನಭಂಗಕ್ಕಿಂತ ಮರಣ ಲೇಸು ಎನ್ನುವ ಒಂದು ಸಂಸ್ಕೃತ ಶ್ಲೋಕವಿದೆ, ಅದರ ಬೆನ್ನಿಗೆ ಮೂರು ಕನ್ನಡ ತ್ರಿಪದಿಗಳಿವೆ. ಇವು ನಮಗೆ ದೊರೆತಿರುವ ಅತಿ ಹಳೆಯ ತ್ರಿಪದಿಗಳು. ನೀವು ಕೇಳಿರುವುದು ಅವುಗಳಲ್ಲಿ ಮೊದಲನೆಯದು.

ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ, ಕವಿಯ ಕಡೆಯಿಂದಲೂ ಭಂಗವಿಲ್ಲ. ತೊಡಕಿರುವುದು ಅಳತೆಗೋಲಿನಲ್ಲಿ. ಐದು ಮಾತ್ರೆಯ ಗಣಗಳ ತ್ರಿಪದಿ ನಂತರದ ಕಾಲದ್ದು. ಸರ್ವಜ್ಞನ ವಚನಗಳಿಂದ ನಮ್ಮ ಕಿವಿಗೆ ರೂಢಿಯಾಗಿರುವುದು ಆ ನಡಿಗೆ. ಹಳೆಯ ತ್ರಿಪದಿ ಅಂಶಗಣದ ಬಂಧ. ಅದನ್ನು ಮಾತ್ರೆಯಿಂದ ಅಳೆದರೆ ಒಟ್ಟು ಮೊತ್ತ ಹೊಂದಿದರೂ ಒಳಗಿನ ಕೀಲುಗಳು ಹೊಂದುವುದಿಲ್ಲ. ‘ಸಾಧುಗೆ’ ಎಂಬಲ್ಲಿ ನಾಲ್ಕು ಮಾತ್ರೆ ಮುಗಿದು ಮುಂದಿನ ‘ಸಾ’ ಎರಡು ಮಾತ್ರೆಯ ಗುರುವಾಗಿರುವುದರಿಂದ ಐದಕ್ಕೆ ಕಡಿಯಲು ಜಾಗವೇ ಇಲ್ಲ. ‘ಮಾಧವನೀ’ ಎಂಬಲ್ಲಿಯೂ ಅದೇ ಕಥೆ. ಎರಡನೆಯ ಸಾಲು ಐದು, ಮೂರು, ಐದು, ಐದು ಎಂದು ಒಡೆದದ್ದು ಒಂದು ಆಕಸ್ಮಿಕ. ಅದಕ್ಕಾಗಿ ನೀವು ‘ಕಲಿಯುಗವಿ’ ಎಂದು ತುಂಡರಿಸಿ, ‘ಪರೀತನ್’ ಎಂದು ಒಂದು ಮಾತ್ರೆಯ ಲಘುವಿನ ಮೇಲೆ ಗುರು ಬರುವಂತೆ ಗಣವನ್ನು ಆರಂಭಿಸಬೇಕಾಯಿತಷ್ಟೆ. ಕನ್ನಡದ ಮಾತ್ರಾಗಣಗಳು ಸಾಮಾನ್ಯವಾಗಿ ಒಲ್ಲದ ಆರಂಭ ಅದು. ಒಡೆದ ಸಾಲೂ ನಿಜವಾಗಿ ಒಡೆದಿರಲಿಲ್ಲ ಎಂದಾಯಿತು.

ಅಂಶಗಣದ ಲೆಕ್ಕ ಸರಳವಾದದ್ದು. ಎರಡು ಅಂಶಗಳ ಗಣ ಬ್ರಹ್ಮ, ಮೂರರದು ವಿಷ್ಣು, ನಾಲ್ಕರದು ರುದ್ರ. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು ಅಥವಾ ಎರಡು ಲಘುಗಳಾಗಿರಬೇಕು. ಆ ಮೇಲಿನ ಪ್ರತಿಯೊಂದು ಅಂಶವೂ ಒಂದೇ ಅಕ್ಷರ. ಅದು ಲಘುವಾದರೂ ಆಗಬಹುದು, ಗುರುವಾದರೂ ಆಗಬಹುದು. ಹೀಗಾಗಿ ಬ್ರಹ್ಮಗಣಕ್ಕೆ ನಾಲ್ಕು ರೂಪ, ವಿಷ್ಣುಗಣಕ್ಕೆ ಎಂಟು. ವಿಷ್ಣುಗಣವೊಂದು ನಾಲ್ಕು ಮಾತ್ರೆಯಷ್ಟು ಹಗುರವಾಗಿಯೂ ಇರಬಲ್ಲದು, ಆರು ಮಾತ್ರೆಯಷ್ಟು ಭಾರವಾಗಿಯೂ ಇರಬಲ್ಲದು. ಹಾಡುವವರ ಬಾಯಲ್ಲಿ ಹುಟ್ಟಿದ ಬಂಧವಾದ್ದರಿಂದ ಈ ಸಡಿಲ ಅದಕ್ಕೆ ಸಹಜ: ಗಣದ ತಲೆಯನ್ನು ಬಿಗಿಹಿಡಿದರೆ ಸಾಕು, ಉಳಿದದ್ದನ್ನು ರಾಗ ತುಂಬಿಕೊಳ್ಳುತ್ತದೆ. ತ್ರಿಪದಿಯಲ್ಲಿ ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಒಟ್ಟು ಹನ್ನೊಂದು ಗಣಗಳು. ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಮಿಕ್ಕವೆಲ್ಲ ವಿಷ್ಣು. ಇದನ್ನು ಲಕ್ಷಣವಾಗಿ ಹೇಳಿದ ‘ಛಂದೋಂಬುಧಿ’ಯ ನಾಗವರ್ಮ ಹತ್ತನೆಯ ಶತಮಾನದ ಕೊನೆಯವನು. ಬಂಡೆಯ ಮೇಲಿನ ಪದ್ಯ ಲಕ್ಷಣಕ್ಕಿಂತ ಸುಮಾರು ಮುನ್ನೂರು ವರ್ಷ ಹಿರಿಯದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿ. ಸೂತ್ರ ಮೊದಲು, ಪದ್ಯ ಆಮೇಲೆ ಎಂಬ ಭ್ರಮೆ ತರಗತಿಯಲ್ಲಿ ಬೇಗ ಬೇರೂರುತ್ತದೆ.

ಈಗ ಗಣ ವಿಂಗಡಿಸಿದರೆ ಹೀಗಾಗುತ್ತದೆ.

ಸಾಧುಗೆ | ಸಾಧುಮಾ | ಧುರ್ಯಂಗೆ | ಮಾಧುರ್ಯಂ
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಮಾಧವ | ನೀತನ್ | ಪೆರನಲ್ಲ

ಒಂದು ಅಂಶವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ‘ಕಲಿಗೆ’ ಎಂಬುದು ಆರನೆಯ ಗಣ, ಮೂರು ಲಘು; ಮೊದಲೆರಡು ಸೇರಿ ಒಂದಂಶ, ‘ಗೆ’ ಎರಡನೆಯ ಅಂಶ. ‘ನೀತನ್’ ಹತ್ತನೆಯದು, ಎರಡು ಗುರು. ‘ಕಲಿಯುಗ’ದಲ್ಲಿ ‘ಕಲಿ’ ಒಂದಂಶ, ‘ಯು’ ಒಂದು, ‘ಗ’ ಒಂದು. ನಿಜವಾದ ಭಂಗ ಹೇಗಿರುತ್ತದೆಂದು ತೋರಿಸಬೇಕಾದರೆ ಅದೇ ಶಾಸನದ ಮುಂದಿನ ತ್ರಿಪದಿಗೆ ಹೋಗಿ. ಅದರ ಎರಡನೆಯ ಸಾಲು ‘ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತಂ’ ಎಂದಿದೆ; ಕೊನೆಯ ಗಣ ‘ಪುರಾ’ ಎಂದು ಒಂಟಿ ಲಘುವಿನಿಂದ ಆರಂಭವಾಗುವುದರಿಂದ ನಿಯಮಕ್ಕೆ ಕೂಡುವುದಿಲ್ಲ. ನಿಮ್ಮ ಪದ್ಯದಲ್ಲಿ ಅಂಥ ಒಂದು ಜಾಗವೂ ಇಲ್ಲ.

ರೂಪದ ಇನ್ನೊಂದು ಅಂಗ ಪ್ರಾಸ. ಸಾಧು, ಬಾಧಿ, ಮಾಧ: ಮೂರು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಧಕಾರ, ಅದರ ಹಿಂದೆ ದೀರ್ಘಸ್ವರ. ಲಾಕ್ಷಣಿಕರ ಮಾತಿನಲ್ಲಿ ಇದು ಗಜಪ್ರಾಸ. ಹಳೆಯ ಶಾಸನಗಳಲ್ಲಿ ಪದ್ಯವನ್ನು ಇಂದಿನಂತೆ ಪಾದಪಾದವಾಗಿ ಮುರಿದು ಕೆತ್ತಬೇಕೆಂಬ ಕಟ್ಟುಪಾಡಿರಲಿಲ್ಲ. ಎಲ್ಲಿ ಸಾಲು ಹುಟ್ಟಿತು ಎಂದು ಓದುವವನಿಗೆ ಸುಳಿವು ಕೊಡುವ ಕೆಲಸವನ್ನೂ ಈ ಪ್ರಾಸವೇ ಮಾಡುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಛಂದಸ್ಸು ಮತ್ತು ಭಾವದ ಸಂಬಂಧವನ್ನು ಕುರಿತು ನಮ್ಮಲ್ಲಿ ಬರೆಯುವ ಬಹಳಷ್ಟು ಮಾತುಗಳು ಆಧಾರವಿಲ್ಲದೆ ತೇಲುವುದಕ್ಕೆ ಒಂದು ಕಾರಣವಿದೆ. ಬಂಧವೇ ಕಡ್ಡಾಯ ಮಾಡಿದ್ದನ್ನು ಕವಿಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ‘ಮೂರನೆಯ ಸಾಲು ಚಿಕ್ಕದಾಗಿರುವುದರಿಂದ ನಿರ್ಧಾರದ ಭಾವ ಬಂದಿದೆ’ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಆದರೆ ಗರತಿಯ ಹಾಡಿನಲ್ಲಿಯೂ ಸರ್ವಜ್ಞನ ಲೇವಡಿಯಲ್ಲಿಯೂ ಮೂರನೆಯ ಸಾಲು ಚಿಕ್ಕದೇ. ಅಲ್ಲೆಲ್ಲ ಇದೇ ಭಾವ ಹುಟ್ಟಬೇಕಲ್ಲ? ಆದ್ದರಿಂದ ನಾನು ಅನುಸರಿಸುವ ಕ್ರಮ ಇದು: ಬಂಧ ಕವಿಗೆ ಎಲ್ಲೆಲ್ಲಿ ಸ್ವಾತಂತ್ರ್ಯ ಕೊಟ್ಟಿತ್ತು ಎಂದು ಮೊದಲು ಗುರುತಿಸಬೇಕು, ಆ ಜಾಗಗಳಲ್ಲಿ ಅವನು ಆರಿಸಿಕೊಂಡದ್ದು ಏನೆಂದು ನೋಡಬೇಕು, ಭಾವದ ಮಾತನ್ನು ಅಲ್ಲಿಂದ ಮಾತ್ರ ಎತ್ತಬೇಕು.

ಮೊದಲ ಸಾಲಿನ ನಾಲ್ಕು ವಿಷ್ಣುಗಣಗಳನ್ನು ನೋಡಿ. ಪ್ರತಿಯೊಂದಕ್ಕೂ ಎಂಟು ರೂಪಗಳ ಅವಕಾಶವಿತ್ತು. ಕವಿ ಇಟ್ಟಿರುವ ಕ್ರಮದಲ್ಲಿ ಅವುಗಳ ತೂಕ ನಾಲ್ಕು, ಐದು, ಐದು, ಆರು ಮಾತ್ರೆ. ಹಗುರವಾದ ‘ಸಾಧುಗೆ’ಯಿಂದ ಹೊರಟ ಸಾಲು ಮೂರೂ ಗುರುಗಳಾದ ‘ಮಾಧುರ್ಯಂ’ ಮೇಲೆ ಬಂದು ಕೂರುತ್ತದೆ. ಎರಡು ‘ಮಾಧುರ್ಯ’ಗಳಲ್ಲಿ ಮೊದಲನೆಯದು ಎರಡು ಗಣಗಳಲ್ಲಿ ಹರಿದುಹಂಚಿಹೋಗಿದೆ, ಎರಡನೆಯದು ಒಂದು ಇಡೀ ಗಣವನ್ನು ತಾನೇ ತುಂಬಿ ನಿಂತಿದೆ. ಅಂದರೆ ಎದುರಿನವನ ಮಾಧುರ್ಯಕ್ಕಿಂತ ಈತ ಮರಳಿ ಕೊಡುವ ಮಾಧುರ್ಯವೇ ಕಿವಿಗೆ ಇಡಿಯಾಗಿ ಕೇಳುತ್ತದೆ.

ವಿಭಕ್ತಿಯನ್ನೂ ಗಮನಿಸಿ. ‘ಮಾಧುರ್ಯಕ್ಕೆ’ ಎಂದಿದ್ದರೆ ಲಘುಗುರುವಿನ್ಯಾಸದಲ್ಲಿ ಒಂದಿನಿತೂ ವ್ಯತ್ಯಾಸವಾಗುತ್ತಿರಲಿಲ್ಲ, ಗಣ ಹಾಗೆಯೇ ಕೂಡುತ್ತಿತ್ತು. ಆದರೂ ‘ಮಾಧುರ್ಯಂಗೆ’ ಎಂದು ಪುಲ್ಲಿಂಗದ ಪ್ರತ್ಯಯ ಬಂದಿದೆ. ಗುಣವನ್ನು ಮನುಷ್ಯನನ್ನಾಗಿ ಮಾಡಿ ಎದುರಿಗೆ ನಿಲ್ಲಿಸಿದ್ದಾನೆ. ಮಾಧುರ್ಯವೇ ಮೈಯಾಗಿರುವವನೊಬ್ಬನಿಗೆ ಈತನೂ ಮಾಧುರ್ಯ. ಛಂದಸ್ಸು ಒತ್ತಾಯಿಸದ ಕಡೆ ಮಾಡಿದ ಇಂಥ ಆಯ್ಕೆಯೇ ಭಾವದ ಚರ್ಚೆಗೆ ಗಟ್ಟಿಯಾದ ಸಾಕ್ಷಿ.

ಪದ್ಯದ ಜೀವವಿರುವುದು ಎರಡನೆಯ ಸಾಲಿನಲ್ಲಿ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಎರಡು ಸಲ ಕೇಳಿದ ಕಿವಿ ಮೂರನೆಯದನ್ನು ತಾನೇ ಊಹಿಸಿಕೊಳ್ಳುತ್ತದೆ: ಯಾರಿಗೆ ಏನೋ, ಅವನಿಗೆ ಅದೇ. ‘ಬಾಧಿಪ್ಪ ಕಲಿಗೆ’ ಎಂದೊಡನೆ ‘ಕಲಿ’ ಬರಬೇಕು, ಬರುತ್ತದೆ ಕೂಡ. ‘ಕಲಿಗೆ ಕಲಿ’ ಎಂಬಷ್ಟನ್ನು ಕೇಳಿದಾಗ ಶೂರನಿಗೆ ಶೂರ ಎಂಬ ಅರ್ಥವೂ ಒಂದು ಕ್ಷಣ ಮಿಂಚುತ್ತದೆ, ಏಕೆಂದರೆ ಕನ್ನಡದಲ್ಲಿ ಕಲಿಯೆಂದರೆ ವೀರ. ಆದರೆ ಶಬ್ದ ಅಲ್ಲಿಗೆ ಮುಗಿಯದೆ ‘ಯುಗ’ ಎಂದು ಮುಂದುವರಿದು, ‘ವಿಪರೀತನ್’ ಎಂದು ತಿರುಗಿನಿಲ್ಲುತ್ತದೆ. ಒಳ್ಳೆಯದಕ್ಕೆ ಒಳ್ಳೆಯದನ್ನೇ ಮರಳಿಸುತ್ತಿದ್ದವನು ಕೆಡುಕಿಗೆ ಕೆಡುಕನ್ನು ಮರಳಿಸುವುದಿಲ್ಲ, ಅದಕ್ಕೆ ವಿರುದ್ಧವಾಗಿ ನಿಲ್ಲುತ್ತಾನೆ. ಕನ್ನಡಿಯಂತೆ ನಡೆಯುತ್ತಿದ್ದ ವಾಕ್ಯರಚನೆ ಸರಿಯಾಗಿ ಏಳನೆಯ ಗಣದ ಒಳಗೆ, ಮೊದಲ ಅಂಶಕ್ಕೂ ಎರಡನೆಯ ಅಂಶಕ್ಕೂ ನಡುವೆ ಮುರಿಯುತ್ತದೆ.

ಈ ತಿರುವಿಗೆ ಲಯ ಹೇಗೆ ಒದಗಿದೆ ಎಂಬುದನ್ನು ಎಣಿಸಿ ತೋರಿಸಬಹುದು. ‘ಬಾಧಿಪ್ಪ’ದ ಕೊನೆಯ ‘ಪ್ಪ’ದಿಂದ ‘ವಿಪರೀತನ್’ ಎಂಬುದರ ‘ಪ’ದವರೆಗೆ ಸತತವಾಗಿ ಹತ್ತು ಲಘುಗಳು. ಮೊದಲ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಲಘುಗಳು ಒಂದೆಡೆ ಕಲೆತಿಲ್ಲ. ಮೊದಲ ಸಾಲಿಗಿಂತ ಎರಡು ಮಾತ್ರೆ ಕಡಿಮೆಯಿರುವ ಈ ಸಾಲಿನಲ್ಲಿ ಅಕ್ಷರಗಳು ಮಾತ್ರ ಎರಡು ಹೆಚ್ಚು, ಹನ್ನೆರಡಕ್ಕೆ ಬದಲು ಹದಿನಾಲ್ಕು. ನಾಲಗೆ ಓಡಲೇಬೇಕು, ಓಡಿ ಓಡಿ ‘ರೀತನ್’ ಎಂಬ ಎರಡು ಗುರುಗಳಿಗೆ ಬಂದು ತಡೆದು ನಿಲ್ಲುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಎದ್ದು ಆಕ್ಷೇಪಿಸಬಹುದು: ‘ಕಲಿಯುಗವಿಪರೀತ’ ಎಂಬುದು ಅರಭಟ್ಟನ ಬಿರುದು, ಶಾಸನದ ಆರಂಭದ ಗದ್ಯದಲ್ಲಿಯೇ ಇದೆ, ಲಘುಗಳು ಬಿರುದಿನಿಂದ ಬಂದವು, ಕವಿ ಮಾಡಿದ್ದೇನು? ಒಳ್ಳೆಯ ಆಕ್ಷೇಪಣೆ, ಅದಕ್ಕೆ ಉತ್ತರ ಶಾಸನದಲ್ಲಿಯೇ ಇದೆ. ಮಿಕ್ಕ ಎರಡು ತ್ರಿಪದಿಗಳಲ್ಲಿ ಕವಿ ಅದೇ ಬಿರುದನ್ನು ಬಿಡಿಸಿ ‘ಕಲಿಗೆ ವಿಪರೀತ’ ಎಂದು ಬಳಸಿದ್ದಾನೆ. ಮೂರು ತ್ರಿಪದಿಗಳಲ್ಲಿಯೂ ‘ಕಲಿಗೆ’ ಎಂಬ ಮಾತು ಆರನೆಯ ಗಣದ ಜಾಗದಲ್ಲಿಯೇ ಕುಳಿತಿರುವುದು ಕೈಪಳಗಿದ ಹಾಡುಗಾರನ ಲಕ್ಷಣ. ಬ್ರಹ್ಮಗಣಕ್ಕೆ ಹೇಳಿಮಾಡಿಸಿದ ಮಾತೊಂದು ಸಿಕ್ಕಿದ ಮೇಲೆ ಅದನ್ನು ಅವನು ಬಿಟ್ಟಿಲ್ಲ. ಆದರೆ ‘ಕಲಿಗೆ’ಯನ್ನೂ ಇಟ್ಟು, ‘ಕಲಿಯುಗ’ವನ್ನೂ ಇಟ್ಟು, ಎರಡನ್ನೂ ಒತ್ತೊತ್ತಾಗಿ ನಿಲ್ಲಿಸಿದ್ದು ಈ ಒಂದು ಪದ್ಯದಲ್ಲಿ ಮಾತ್ರ. ಬೇರೆ ದಾರಿ ಗೊತ್ತಿದ್ದೂ ಈ ದಾರಿ ಹಿಡಿದನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾಗಿಲ್ಲ.

ಮೂರನೆಯ ಸಾಲಿನಲ್ಲಿ ‘ಮಾಧವ’ ಮೊದಲು ಬಂದದ್ದನ್ನು ಅತಿಯಾಗಿ ಹೊಗಳಬೇಡಿ, ಪ್ರಾಸಕ್ಕಾಗಿ ಧಕಾರದ ಮಾತೊಂದು ಅಲ್ಲಿ ಬೇಕೇ ಬೇಕಿತ್ತು. ಹಾಗಾದರೆ ಆಯ್ಕೆಯೇ ಇರಲಿಲ್ಲವೇ? ಇತ್ತು. ‘ಶ್ರೀಧರನೀತನ್’ ಎಂದು ಬದಲಿಸಿ ನೋಡಿ: ಗಣ ಕೂಡುತ್ತದೆ, ಗಜಪ್ರಾಸ ಕೂಡುತ್ತದೆ, ವಿಷ್ಣುವಿನ ಹೆಸರೂ ಹೌದು. ಕಳೆದುಹೋಗುವುದು ಮೊದಲ ಸಾಲಿನ ‘ಮಾಧು’ವಿಗೂ ‘ಮಾಧವ’ಕ್ಕೂ ಇರುವ ನಾದದ ನಂಟು. ಮಾಧುರ್ಯದವನಿಗೆ ಮಾಧುರ್ಯವಾಗಿದ್ದವನೇ ಕೊನೆಗೆ ಮಾಧವನಾಗುವುದು ಕಿವಿಯ ದಾರಿಯಲ್ಲಿ ನಡೆಯುವ ತರ್ಕ. ‘ಶ್ರೀಧರ’ ಎಂದರೆ ಆ ದಾರಿ ಕಡಿದುಹೋಗುತ್ತದೆ. ಹೀಗೆ ಮಾತೊಂದನ್ನು ಬದಲಿಸಿ ಏನು ಉಳಿಯಿತು, ಏನು ಹೋಯಿತು ಎಂದು ನೋಡುವುದು ತರಗತಿಯಲ್ಲಿ ಬಹಳ ಉಪಯೋಗಕ್ಕೆ ಬರುವ ಅಭ್ಯಾಸ.

ಎರಡು ಬ್ರಹ್ಮಗಣಗಳ ಸಂಗತಿಯೂ ಕುತೂಹಲಕರವಾಗಿದೆ. ‘ಕಲಿಗೆ’ ಎಂಬುದು ಆ ಗಣದ ಅತ್ಯಂತ ಹಗುರವಾದ ರೂಪಗಳಲ್ಲೊಂದು, ಮೂರೇ ಮಾತ್ರೆ. ‘ನೀತನ್’ ಅತ್ಯಂತ ಭಾರವಾದ ರೂಪಗಳಲ್ಲೊಂದು, ನಾಲ್ಕು ಮಾತ್ರೆ, ಎರಡೂ ಗುರು. ಬಾಧಿಸುವವನು ಹಗುರಾಗಿ ಜಾರುತ್ತಾನೆ, ‘ಈತನ್’ ಊರಿ ನಿಲ್ಲುತ್ತಾನೆ. ಕವಿ ಇದನ್ನು ಲೆಕ್ಕ ಹಾಕಿ ಮಾಡಿದನೆಂದು ನಾನು ಹೇಳಲಾರೆ. ಓದಿದಾಗ ಹಾಗೆ ಕೇಳುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಅಲ್ಲಿಯವರೆಗೆ ಪದ್ಯದ ವಾಕ್ಯಕ್ಕೆ ಕರ್ತೃಪದವೇ ಇರಲಿಲ್ಲ ಎಂಬುದು ಆ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೂರು ಚತುರ್ಥೀ ವಿಭಕ್ತಿಗಳನ್ನು ದಾಟಿ, ಹತ್ತನೆಯ ಗಣಕ್ಕೆ ಬಂದಾಗ ಮೊದಲ ಸಲ ‘ಈತ’ ಕಾಣಿಸಿಕೊಳ್ಳುತ್ತಾನೆ.

ಇಷ್ಟು ಸಾಮಗ್ರಿ ಕೈಯಲ್ಲಿದ್ದರೆ ಭಾವದ ಪ್ರಶ್ನೆ ಅರ್ಧ ಬಗೆಹರಿದಂತೆ. ಭಕ್ತಿಯೆಂಬ ಓದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ನಮಸ್ಕಾರವಿಲ್ಲ, ಬೇಡಿಕೆಯಿಲ್ಲ, ದೇವರ ಎದುರು ನಿಂತ ದನಿಯಿಲ್ಲ. ಮಾಧವನ ಹೆಸರು ಮನುಷ್ಯನೊಬ್ಬನ ಹಿರಿಮೆಯನ್ನು ಹೇಳುವ ರೂಪಕವಾಗಿ ಬಂದಿದೆ. ಭರತ ಎಣಿಸಿದ ಎಂಟು ರಸಗಳಲ್ಲಿ ಭಕ್ತಿಗೆ ಸ್ಥಾನವೂ ಇಲ್ಲ ಎಂಬುದು ಬೇರೆ ಮಾತು. ವೀರವೆಂದರೆ ಪೂರ್ತಿ ತಪ್ಪಾಗದು, ಆದರೆ ಎಚ್ಚರಿಕೆ ಬೇಕು. ಹಗೆಗಳು ‘ಕೆಟ್ಟರ್ ಮೇಣ್ ಸತ್ತರ್’ ಎಂದು ಕ್ರಿಯಾಪದಗಳ ಪೆಟ್ಟು ಬೀಳುವುದು, ಕಟ್ಟಿದ ಸಿಂಹವನ್ನು ಬಿಟ್ಟ ಚಿತ್ರ ಬರುವುದು ಮೂರನೆಯ ತ್ರಿಪದಿಯಲ್ಲಿ. ನಮ್ಮ ಪದ್ಯದಲ್ಲಿ ಕ್ರಿಯೆಯೇ ನಡೆಯುವುದಿಲ್ಲ. ‘ಬಾಧಿಪ್ಪ’ ಎಂಬುದು ವಿಶೇಷಣ, ‘ಅಲ್ಲ’ ಎಂಬುದು ನಿಷೇಧ. ಅವೆರಡನ್ನು ಬಿಟ್ಟರೆ ಉಳಿದದ್ದೆಲ್ಲ ನಾಮಪದಗಳು. ಯಾರೂ ಹೋರಾಡುವುದಿಲ್ಲ, ಗೆಲ್ಲುವುದಿಲ್ಲ. ಈತ ಇಂಥವನು ಎಂದು ಸಾಕ್ಷಿ ನುಡಿಯುವ ದನಿಯೊಂದೇ ಕೇಳುತ್ತದೆ. ಹಿಂದಿರುವ ಶ್ಲೋಕದ ಅಭಿಮಾನದ ಬಿಸಿ ಇಲ್ಲಿಗೂ ತಾಗಿದೆ, ಆದರೆ ಆರಿ ಗಟ್ಟಿಯಾಗಿದೆ. ಪರೀಕ್ಷೆಯಲ್ಲಿ ರಸದ ಹೆಸರನ್ನು ಬರೆಯಲೇಬೇಕಾದರೆ ವೀರವೆಂದು ಬರೆಯಲಿ. ಆದರೆ ಯುದ್ಧದ ಉತ್ಸಾಹವಲ್ಲ, ನೇರ ನಡತೆಯವನ ದೃಢತೆ ಎಂದು ಒಂದು ವಾಕ್ಯ ಸೇರಿಸಲಿ. ಅದಕ್ಕೆ ಆಧಾರವಾಗಿ ಕ್ರಿಯಾಪದವಿಲ್ಲದ ವಾಕ್ಯಗಳನ್ನೂ ‘ಕಲಿಗೆ ಕಲಿಯುಗ’ದ ತಿರುವನ್ನೂ ಕೊಟ್ಟರೆ ನಾನಾದರೆ ಪೂರ್ಣ ಅಂಕ ಕೊಡುತ್ತೇನೆ.

ಓದುವ ಬಗೆಯನ್ನು ಕೇಳಿದ್ದೀರಿ. ಉತ್ತರ ಕರ್ನಾಟಕದ ಬೀಸುವ ಹಾಡುಗಳಲ್ಲಿ ತ್ರಿಪದಿಯನ್ನು ಹಾಡುವ ಕ್ರಮ ನಿಮಗೆ ಗೊತ್ತೇ ಇರುತ್ತದೆ. ಎರಡನೆಯ ಸಾಲಿನ ಮೂರು ಗಣಗಳನ್ನು ಹಾಡಿ ನಿಲ್ಲಿಸುತ್ತಾರೆ, ಮತ್ತೆ ಮೊದಲಿನಿಂದ ಎತ್ತಿಕೊಂಡು ನಾಲ್ಕನೆಯ ಗಣವನ್ನೂ ಸೇರಿಸಿ ಸಾಲನ್ನು ಮುಗಿಸುತ್ತಾರೆ, ಆಮೇಲೆ ಮೂರನೆಯ ಸಾಲು. ‘ಎಳ್ಳು ಜೀರಿಗೆ ಬೆಳೆಯೋಳ, ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ, ಎದ್ದೊಂದು ಗಳಿಗೆ ನೆನೆದೇನ’ ಎಂಬುದು ಹೀಗೆಯೇ ಬರುತ್ತದೆ. ‘ಜೀರಿಗೆ’ಯನ್ನು ‘ಜೀರೀಗೆ’ ಎಂದು ಎಳೆದು ಗಣ ತುಂಬಿಸುವುದನ್ನೂ ಅಲ್ಲಿ ಕೇಳಬಹುದು. ಮೊದಲು ಹಾಡುವ ಆ ಮೂರು ಗಣಗಳೂ ಕೊನೆಯ ಸಾಲಿನ ಮೂರು ಗಣಗಳೂ ವಿಷ್ಣು, ಬ್ರಹ್ಮ, ವಿಷ್ಣು ಎಂದು ಒಂದೇ ಅಚ್ಚಿನವು. ಆರನೆಯ ಮತ್ತು ಹತ್ತನೆಯ ಗಣಗಳೇ ಏಕೆ ಬ್ರಹ್ಮವಾಗಬೇಕು ಎಂದು ವಿದ್ಯಾರ್ಥಿಗಳು ಕೇಳಿದರೆ ಹಾಡಿ ತೋರಿಸಿ. ಹಾಡಿನ ಎರಡು ನಿಲುಗಡೆಗಳು ಒಂದಕ್ಕೊಂದು ಜೋಡಿಯಾಗುವುದು ಆಗ ಕಿವಿಗೇ ತಿಳಿಯುತ್ತದೆ.

ಶಾಸನದ ಪಾಠದಲ್ಲಿ ಪುನರುಕ್ತಿಯಿಲ್ಲ, ಎಂಟನೆಯ ಶತಮಾನದ ಬಾದಾಮಿಯಲ್ಲಿ ಇದನ್ನು ಹೀಗೆಯೇ ಹಾಡಿದರೆಂದು ವಾದಿಸಬೇಕಾಗಿಯೂ ಇಲ್ಲ. ಆದರೂ ಒಮ್ಮೆ ಆ ಧಾಟಿಯಲ್ಲಿ ಓದಿಸಿ. ‘ಬಾಧಿಪ್ಪ ಕಲಿಗೆ ಕಲಿಯುಗ’ ಎಂದು ನಿಲ್ಲಿಸಿದಾಗ ಬಾಧಿಸುವವನಿಗೆ ಈತನೂ ಇನ್ನೊಂದು ಕಲಿಯುಗವೇ ಎಂಬ ಸಂದೇಹ ತುಸು ಹೊತ್ತು ತೂಗಾಡುತ್ತದೆ; ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎಂದು ಮರಳಿ ಎತ್ತಿಕೊಂಡಾಗ ಅದು ಬಗೆಹರಿಯುತ್ತದೆ. ಬರೀ ಓದುವಾಗಲಾದರೆ ಮೊದಲ ಸಾಲನ್ನು ನಿಧಾನವಾಗಿ, ಎರಡೆರಡು ಗಣಕ್ಕೆ ತುಸು ತಂಗದೆ, ‘ಮಾಧುರ್ಯಂಗೆ’ ಎಂಬಲ್ಲಿ ಪದವನ್ನು ಸೀಳದೆ ಓದಿಸಿ. ಎರಡನೆಯ ಸಾಲಿನ ಹತ್ತು ಲಘುಗಳ ನಡುವೆ ಎಲ್ಲಿಯೂ ಉಸಿರು ತೆಗೆದುಕೊಳ್ಳಗೊಡಬೇಡಿ. ‘ಮಾಧವನ್ ಈತನ್’ ಎಂದು ಸಂಧಿ ಬಿಡಿಸಿ ಓದುವುದು ಅರ್ಥ ಹೇಳುವಾಗ ಮಾತ್ರ ಇರಲಿ. ಪದ್ಯವಾಗಿ ಓದುವಾಗ ಸಂಧಿಯನ್ನು ಉಳಿಸಿಕೊಂಡು, ‘ತನ್’ ಮೇಲೆ ಊರಿ, ‘ಪೆರನಲ್ಲ’ವನ್ನು ದನಿ ಏರಿಸದೆ ಹೇಳಿ ಮುಗಿಸಲಿ.